ಕೆಟ್ಟ ಭಾಗ ಇಟ್ಟುಕೊಂಡೇ ಹಾರುವ ವಿಮಾನ

ವಿಮಾನದಲ್ಲಿ ಏನೋ ಒಂದು ಕೆಟ್ಟಿದೆ, ಅದನ್ನು ರಿಪೇರಿ ಮಾಡದೆಯೇ ಹೊರಡುತ್ತಿದ್ದೇವೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರೆ ಎಷ್ಟೋ ಜನ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟಾರು. ಆದರೆ ವಿಮಾನ ಕಂಪನಿಗಳಲ್ಲಿ ಇದು ದಿನನಿತ್ಯ, ಕಾನೂನಿನ ಚೌಕಟ್ಟಿನಲ್ಲೇ ನಡೆಯುವ ಕೆಲಸ. ಅದಕ್ಕೊಂದು ಪುಸ್ತಕವಿದೆ: ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್. ಪೈಲಟ್‌ಗಳಾದ ನಮ್ಮ ಬಾಯಲ್ಲಿ ಎಂಇಎಲ್. ಪ್ರತಿ ಮಾದರಿಯ ವಿಮಾನಕ್ಕೂ ಒಂದು ಮೂಲ ಪಟ್ಟಿ ಇರುತ್ತದೆ. ಅದಕ್ಕಿಂತ ಸಡಿಲವಾಗದಂತೆ ಕಂಪನಿ ತನ್ನದೇ ಪಟ್ಟಿ ಮಾಡಿಕೊಳ್ಳಬೇಕು, ಅದಕ್ಕೆ ಭಾರತದಲ್ಲಾದರೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಬೇಕು.

ಇದು ಸಾಧ್ಯವಾಗುವುದು ವಿಮಾನದಲ್ಲಿ ಮುಖ್ಯ ಕೆಲಸಗಳಿಗೆಲ್ಲ ಎರಡು ಮೂರು ಉಪಕರಣ ಇರುವುದರಿಂದ. ಒಂದು ಹೋದರೂ ಸುರಕ್ಷತೆಗೆ ಕುಂದಿಲ್ಲ ಎಂದು ಮೊದಲೇ ಲೆಕ್ಕಹಾಕಿ ನೋಡಿದವುಗಳಿಗೆ ಮಾತ್ರ ಈ ವಿನಾಯಿತಿ. ಅದಕ್ಕೂ ರಿಪೇರಿಯ ಗಡುವು ಉಂಟು, ಗಡುವಿನಂತೆ ವರ್ಗಗಳು. ‘ಬಿ’ ವರ್ಗಕ್ಕೆ 3 ದಿನ, ‘ಸಿ’ಗೆ 10, ‘ಡಿ’ಗೆ 120. ‘ಎ’ ವರ್ಗದಲ್ಲಿ ಆಯಾ ಭಾಗಕ್ಕೆ ಬೇರೆ ಬೇರೆ ಗಡುವು ಬರೆದಿರುತ್ತದೆ. ದೋಷ ಕಂಡ ದಿನ ಲೆಕ್ಕಕ್ಕಿಲ್ಲ. ಸೋಮವಾರ ಬೆಳಿಗ್ಗೆ ಬರೆದ ‘ಬಿ’ ಸ್ನ್ಯಾಗ್, ಅಂದರೆ ದೋಷ, ಗುರುವಾರ ಮಧ್ಯರಾತ್ರಿಯೊಳಗೆ ಸರಿಯಾಗಬೇಕು.

ಕಾಕ್‌ಪಿಟ್ಟಿಗೆ ಬಂದ ಮೇಲೆ ದೋಷ, ರಿಪೇರಿಗಳನ್ನು ಬರೆದಿಡುವ ಟೆಕ್ ಲಾಗ್ ತೆರೆಯುತ್ತೇವೆ. ಇಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ನೆಲದಲ್ಲಿ ವೇಗ ತಗ್ಗಿಸುವ ಥ್ರಸ್ಟ್ ರಿವರ್ಸರ್, ಒಂದು ಇಂಜಿನ್ನಿನದು ಕೈಕೊಟ್ಟಿದೆ ಎಂದುಕೊಳ್ಳಿ. ಇಂಜಿನಿಯರ್ ಅದನ್ನು ತೆರೆದುಕೊಳ್ಳದಂತೆ ಲಾಕ್ ಮಾಡಿ, ಕಾಕ್‌ಪಿಟ್‌ನಲ್ಲಿ ‘ಇನಾಪ್’ (ಕೆಲಸ ಮಾಡುತ್ತಿಲ್ಲ) ಚೀಟಿ ಅಂಟಿಸಿ ಸಹಿ ಹಾಕಿರುತ್ತಾರೆ. ಮುಂದಿನದು ನಮ್ಮ ಪಾಲು. ಬೆಂಗಳೂರಿನ 4,000 ಮೀಟರ್ ರನ್‌ವೇಯಲ್ಲಿ ಇದು ಹೆಚ್ಚಾಗಿ ತಲೆಕೆಡಿಸುವ ವಿಷಯವಲ್ಲ. ಅದೇ ವಿಮಾನ ಜುಲೈ ಮಳೆಯಲ್ಲಿ ಮಂಗಳೂರಿಗೆ ಹೋಗಿ ಬರಬೇಕೆಂದರೆ ಲೆಕ್ಕ ಬೇರೆಯೇ. ಅಲ್ಲಿ ರನ್‌ವೇ 2,450 ಮೀಟರ್, ಗುಡ್ಡದ ನೆತ್ತಿ ಕಡಿದು ಮಾಡಿದ್ದು, ಆಚೆ ಕಣಿವೆ. ಒದ್ದೆ ನೆಲದಲ್ಲಿ ಟೇಕಾಫ್ ಅರ್ಧಕ್ಕೆ ಕೈಬಿಟ್ಟು ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ, ಹಾಗಾಗಿ ಎತ್ತಬಹುದಾದ ತೂಕ ಇಳಿಯಬಹುದು. ಸರಕು ಇಳಿಸಬೇಕಾದರೆ ಇಳಿಸಲೇಬೇಕು.

ಎರಡು ಸ್ನ್ಯಾಗ್ ಒಟ್ಟಿಗೆ ಬಂದರೆ ಇನ್ನೂ ಎಚ್ಚರ ಬೇಕು. ಏರ್‌ಬಸ್ ಎ320ರಲ್ಲಿ ಒಂದು ಇಂಜಿನ್ನಿನ ಜನರೇಟರ್ ಇಲ್ಲದೆಯೂ ಹೊರಡಬಹುದು, ಆದರೆ ಬಾಲದಲ್ಲಿರುವ ಚಿಕ್ಕ ಇಂಜಿನ್ ಎಪಿಯು, ಅದರ ಜನರೇಟರ್ ಹಾರಾಟದುದ್ದಕ್ಕೂ ಓಡುತ್ತಿರಬೇಕು. ಎಪಿಯು ಒಂದೇ ಕೆಟ್ಟಿದ್ದರೂ ಹೊರಡಬಹುದು. ಎರಡೂ ಕೆಟ್ಟರೆ ವಿಮಾನ ನೆಲದಲ್ಲೇ. ಇದನ್ನು ಪುಸ್ತಕವೇ ಹಿಡಿಯುತ್ತದೆ. ಎಪಿಯು ಇಲ್ಲದ ವಿಮಾನ ಇಳಿಯುವ ಊರಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡುವ ಗಾಳಿಯಂತ್ರ ಇದೆಯೇ, ಇದ್ದರೆ ಅದು ಈಗ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮಾತ್ರ ಫೋನ್ ಮಾಡಿಯೇ ಕೇಳಬೇಕು. ಆಟೋಬ್ರೇಕ್ ಇಲ್ಲ, ರಿವರ್ಸರ್ ಒಂದೇ, ಮಳೆ, ರಾತ್ರಿ, ಸಿಬ್ಬಂದಿಗೆ ಅಂದಿನ ನಾಲ್ಕನೇ ಹಾರಾಟ: ಇವನ್ನೆಲ್ಲ ಕೂಡಿಸಿ ನೋಡುವ ಪುಟ ಯಾವ ಎಂಇಎಲ್‌ನಲ್ಲೂ ಇಲ್ಲ.

ನಾನು ಒತ್ತಿ ಹೇಳಬೇಕಿರುವುದು ಇದಕ್ಕಿಂತಲೂ ಮುಖ್ಯವಾದ ಸಂಗತಿ. ಈ ಭಾಗವಿಲ್ಲದೆ ಹೋಗಬಹುದೇ ಎಂಬುದಕ್ಕೆ ಎಂಇಎಲ್ ಉತ್ತರ ಕೊಡುತ್ತದೆ. ಅದು ಏಕೆ ಕೆಟ್ಟಿತು ಎಂಬುದು ಅದರ ವ್ಯಾಪ್ತಿಯಲ್ಲೇ ಇಲ್ಲ.

2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನ್‌ಏರ್‌ನ ಎಂಡಿ-82 ವಿಮಾನ ಗ್ರ್ಯಾನ್ ಕನೇರಿಯಾಕ್ಕೆ ಹೊರಟಿತ್ತು. ಟೇಕಾಫ್‌ಗೆ ಮುನ್ನ, ಹೊರಗಿನ ಗಾಳಿಯ ತಾಪ ಅಳೆಯುವ ಕಡ್ಡಿ ವಿಪರೀತ ಬಿಸಿ ತೋರಿಸಿತು. ಪೈಲಟ್‌ಗಳು ವಿಮಾನವನ್ನು ನಿಲುಗಡೆಯ ಜಾಗಕ್ಕೆ ವಾಪಸ್ ತಂದರು. ಮೆಕ್ಯಾನಿಕ್ ಪುಸ್ತಕ ನೋಡಿದರು: ದಾರಿಯಲ್ಲಿ ಹಿಮಗಟ್ಟುವ ಹವೆ ಇಲ್ಲದಿದ್ದರೆ ಆ ಕಡ್ಡಿಯ ಹೀಟರ್ ಇಲ್ಲದೆ ಹೋಗಬಹುದು. ಹವೆ ಚೆನ್ನಾಗಿತ್ತು. ಹೀಟರ್‌ಗೆ ವಿದ್ಯುತ್ ಕಡಿಯಲು ಬ್ರೇಕರ್ ಎಳೆದು ವಿಮಾನವನ್ನು ಹಾರಾಟಕ್ಕೆ ಬಿಟ್ಟುಕೊಟ್ಟರು. ಪುಸ್ತಕದ ಸಾಲಿಗೆ ಅದು ಹೊಂದುತ್ತಿತ್ತು.

ಆದರೆ ಆ ಹೀಟರ್ ಕೆಟ್ಟು ನಿಂತಿರಲಿಲ್ಲ, ನೆಲದ ಮೇಲೆ ಓಡಬಾರದ ಹೊತ್ತಿನಲ್ಲಿ ಓಡುತ್ತಿತ್ತು. ಅದು ಆಕಾಶದಲ್ಲಿ ಮಾತ್ರ ಬಿಸಿಯಾಗಬೇಕು. ನೆಲದಲ್ಲೇ ಬಿಸಿಯಾಯಿತೆಂದರೆ, ವಿಮಾನ ಹಾರುತ್ತಿದೆ ಎಂದು ಯಾವುದೋ ಸರ್ಕ್ಯೂಟ್ ತಪ್ಪು ತಿಳಿದಿರಬಹುದು. ಆ ಸರ್ಕ್ಯೂಟಿನ ಒಂದು ರಿಲೇಗೆ, ಅಂದರೆ ವಿದ್ಯುತ್ ಸ್ವಿಚ್ಚಿಗೆ, ಹೀಟರ್ ಜೊತೆ ಇನ್ನೊಂದು ವ್ಯವಸ್ಥೆಯೂ ಜೋಡಿಸಿತ್ತು: ಮೇಲೇರಲು ನೆರವಾಗುವ ರೆಕ್ಕೆಯ ಫ್ಲ್ಯಾಪ್ ಬಿಡದೆ ಟೇಕಾಫ್‌ಗೆ ಹೊರಟರೆ ಕಿರುಚಿ ಎಚ್ಚರಿಸುವ ಅಲಾರಂ. ಅದು ವಿಮಾನ ನೆಲದಲ್ಲಿರುವಾಗ ಮಾತ್ರ ಕೆಲಸ ಮಾಡುತ್ತದೆ. ಎರಡನೇ ಸಲ ಹೊರಟಾಗ ಸಿಬ್ಬಂದಿ ಫ್ಲ್ಯಾಪ್ ಬಿಡುವುದನ್ನು ಮರೆತರು, ಚೆಕ್‌ಲಿಸ್ಟ್‌ನಲ್ಲೂ ಅದು ತಪ್ಪಿಹೋಯಿತು, ಅಲಾರಂ ಕೂಗಲಿಲ್ಲ. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ವಿಮಾನ ಬಿತ್ತು. 172 ಮಂದಿಯಲ್ಲಿ 154 ಮಂದಿ ತೀರಿಕೊಂಡರು. ಅಲಾರಂ ಏಕೆ ಮೌನವಾಗಿತ್ತು ಎಂಬುದನ್ನು ತನಿಖೆಗೂ ಖಚಿತವಾಗಿ ಹೇಳಲಾಗಲಿಲ್ಲ. ಆದರೂ ಕಡ್ಡಿ ಏಕೆ ಬಿಸಿಯಾಯಿತೆಂದು ಅಂದು ನಿಲುಗಡೆಯಲ್ಲೇ ಬೆನ್ನು ಹತ್ತಿದ್ದರೆ ಹುಡುಕಾಟ ಆ ರಿಲೇವರೆಗೂ ಹೋಗಬಹುದಿತ್ತು.

ಒಮ್ಮೆ ಬಂದ ದೋಷಕ್ಕಿಂತ ಮತ್ತೆ ಮತ್ತೆ ಬರುವ ದೋಷ ಹೆಚ್ಚು ಮಾತಾಡುತ್ತದೆ. 2014ರ ಡಿಸೆಂಬರ್ 28ರಂದು ಸುರಬಾಯಾದಿಂದ ಸಿಂಗಪುರಕ್ಕೆ ಹೊರಟು 162 ಮಂದಿಯೊಂದಿಗೆ ಸಮುದ್ರಕ್ಕೆ ಬಿದ್ದ ಏರ್‌ಏಷ್ಯಾ ಎ320ರಲ್ಲಿ ಬಾಲದ ಚುಕ್ಕಾಣಿ (ರಡ್ಡರ್) ಎಷ್ಟು ತಿರುಗಬಹುದೆಂದು ಮಿತಿಗೊಳಿಸುವ ಘಟಕ ಆ ಒಂದೇ ವರ್ಷ 23 ಸಲ ತೊಂದರೆ ಕೊಟ್ಟಿತ್ತು. ಮೂಲ ಕಾರಣ, ಬಿರುಕು ಬಿಟ್ಟ ಒಂದು ಸೋಲ್ಡರ್ ಬೆಸುಗೆ. ಅಂದು ಆಕಾಶದಲ್ಲಿ ಅದೇ ಎಚ್ಚರಿಕೆ ನಾಲ್ಕು ಸಲ ಬಂತು. ಕೊನೆಗೆ ಬ್ರೇಕರ್ ಎಳೆದಾಗ ಆಟೋಪೈಲಟ್ ಕಳಚಿತು, ಆಮೇಲೆ ವಿಮಾನ ಹತೋಟಿಗೆ ಬರಲಿಲ್ಲ.

ಹೀಗಾಗಿ ನನ್ನ ಜೊತೆ ಹಾರುವ ಹೊಸ ಫಸ್ಟ್ ಆಫೀಸರ್‌ಗಳಿಗೆ, ಎಂಇಎಲ್ ಪುಟ ತೆರೆಯುವ ಮೊದಲು ಟೆಕ್ ಲಾಗ್‌ನ ಹಿಂದಿನ ಪುಟಗಳನ್ನು ತಿರುವಿ ಎನ್ನುತ್ತೇನೆ. ‘ರೀಸೆಟ್ ಮಾಡಿದೆ, ಸರಿಯಿದೆ’ ಎಂಬ ಸಾಲು ಎರಡು ಮೂರು ಕಡೆ ಕಂಡರೆ ಇಂಜಿನಿಯರನ್ನು ಕರೆದು, “ಸರ್, ಮೂಲ ಕಾರಣ ಸಿಕ್ಕಿತಾ?” ಎಂದು ಕೇಳಬೇಕು. ಒಳ್ಳೆಯ ಇಂಜಿನಿಯರ್‌ಗಳು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಎಷ್ಟೋ ಸಲ ಅವರೂ ಸಮಯಕ್ಕಾಗಿ ಒದ್ದಾಡುತ್ತಿರುತ್ತಾರೆ, ಕ್ಯಾಪ್ಟನ್ ಕೇಳಿದರು ಎಂಬ ಒಂದು ನೆಪ ಅವರಿಗೂ ಬಲ ಕೊಡುತ್ತದೆ.

ಪುಸ್ತಕ ಹೋಗಬಹುದು ಎಂದರೂ ನಾನು ಹೋಗುವುದಿಲ್ಲ ಎನ್ನುವ ಅಧಿಕಾರ ಕಮಾಂಡರ್‌ಗಿದೆ. ಬಳಸಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಫೋನ್ ಬರುತ್ತವೆ, ಬೇರೆ ವಿಮಾನ ಹುಡುಕಬೇಕಾಗುತ್ತದೆ, ಒಳಗೆ ಕುಳಿತವರ ಕನೆಕ್ಷನ್ ತಪ್ಪುತ್ತದೆ. ಆಗ ನಾನು ‘ತಾಂತ್ರಿಕ ಕಾರಣ’ ಎಂದಷ್ಟೇ ಹೇಳಿ ಮೈಕ್ ಇಡುವುದಿಲ್ಲ. ಯಾವ ಭಾಗ, ಏನನ್ನು ಪರೀಕ್ಷಿಸುತ್ತಿದ್ದಾರೆ, ಎಷ್ಟು ಹೊತ್ತು ಹಿಡಿಯಬಹುದು ಎಂದು ಬಿಡಿಸಿ ಹೇಳುತ್ತೇನೆ. ಗದ್ದಲ ಆಗುತ್ತದೆ ಎಂದು ಕೆಲವು ಸಹೋದ್ಯೋಗಿಗಳು ಇದನ್ನು ಒಪ್ಪುವುದಿಲ್ಲ. ನಾನು ಕಂಡಂತೆ, ಹೀಗೆ ಹೇಳಿದ ದಿನ ಗದ್ದಲ ಕಡಿಮೆಯೇ.