ಬೋನಿನೊಳಗಿನ ಕೋತಿಗಳು ಮತ್ತು ರಕ್ತಪರೀಕ್ಷೆಗೆ ಸಿಗದ ಸೋಂಕು

ತುಮಕೂರಿನ ದೇವರಾಯನದುರ್ಗ, ಕೋಲಾರದ ಅಂತರಗಂಗೆ, ಚಿಕ್ಕಬಳ್ಳಾಪುರದ ನಂದಿಬೆಟ್ಟ, ಈ ಮೂರೂ ಕಡೆ ಪ್ರಸಾದಕ್ಕೆ ಕೈಯೊಡ್ಡುವ ಕೋತಿ ಒಂದೇ ಜಾತಿಯದು: ನೆತ್ತಿಯ ಕೂದಲು ಟೋಪಿಯಂತೆ ಹರಡಿಕೊಂಡ ಬಾನೆಟ್ ಮಕಾಕ್. ತೋಟಕ್ಕೆ, ಅಡುಗೆಮನೆಗೆ ನುಗ್ಗುವ ಕೋತಿಗಳನ್ನು ಬೋನಿಟ್ಟು ಹಿಡಿದು ದೂರ ಬಿಡುವಾಗ ಬೇರೆ ಬೇರೆ ಹಿಂಡಿನವು ಒಟ್ಟಿಗೆ ಸೇರಿಬಿಡುತ್ತವೆ. ಆಮೇಲೆ ಕಚ್ಚಾಟ ತಪ್ಪಿದ್ದಲ್ಲ.

ಮಂಗನ ಕಾಯಿಲೆ ಎಂದರೆ ನಮ್ಮವರಿಗೆ ನೆನಪಾಗುವುದು 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣ್ಣೆ ಹುಳುವಿನಿಂದ ಹರಡುವ ಜ್ವರ. ಇಲ್ಲಿನ ವಿಷಯ ಅದಲ್ಲ. ಕಚ್ಚಾಟ ಮತ್ತು ಜೊಲ್ಲಿನ ಮೂಲಕ ಕೋತಿಯಿಂದ ಕೋತಿಗೆ ದಾಟುವ ರೆಟ್ರೋವೈರಸ್‌ಗಳದ್ದು. ಇವು ಜೀವಕೋಶದ ಡಿಎನ್‌ಎಗೇ ತಮ್ಮ ಪ್ರತಿಯನ್ನು ಹೊಲಿದುಬಿಡುತ್ತವೆ. ಒಮ್ಮೆ ಸೇರಿದರೆ ಪೂರ್ತಿ ಹೊರಹಾಕುವುದು ದೇಹಕ್ಕೆ ಬಹಳ ಕಷ್ಟ.

1970ರಲ್ಲಿ ಅಮೆರಿಕದಲ್ಲಿ ಒಂದು ರೀಸಸ್ ಕೋತಿಯ (ಉತ್ತರ ಭಾರತದ ಕಡೆಯ ಮಕಾಕ್) ಸ್ತನದ ಗಡ್ಡೆಯಿಂದ ಮೇಸನ್-ಫೈಜರ್ ಎಂಬ ರೆಟ್ರೋವೈರಸ್ ಬೇರ್ಪಟ್ಟಿತು. ಕ್ಯಾನ್ಸರ್ ತರುವ ವೈರಸ್ ಸಿಕ್ಕಿತೆಂದು ಅದನ್ನು ಎಳೆ ಮರಿಗಳಿಗೆ ಚುಚ್ಚಿ ನೋಡಿದರೆ ಗಡ್ಡೆ ಬರಲಿಲ್ಲ. ಮರಿಗಳು ಸೊರಗಿ ಸತ್ತವು, ರೋಗನಿರೋಧಕ ಕೋಶಗಳು ಬಲಿಯುವ ಅವುಗಳ ಥೈಮಸ್ ಗ್ರಂಥಿ ಕುಗ್ಗಿತ್ತು. ರೋಗನಿರೋಧಕ ಶಕ್ತಿಯೇ ಕುಸಿಯುತ್ತಿದೆ ಎಂಬ ಸುಳಿವು ಅಲ್ಲೇ ಇತ್ತು; ಅದರ ತೂಕ ಅರಿವಾಗಲು ಇನ್ನೂ ಹಲವು ವರ್ಷ ಬೇಕಾಯಿತು.

ಅಷ್ಟರಲ್ಲಿ 1978ರಲ್ಲಿ ಭಾರತ ರೀಸಸ್ ಕೋತಿಗಳ ರಫ್ತನ್ನು ನಿಲ್ಲಿಸಿತು. ಪ್ರಯೋಗಕ್ಕೆ ಬೇಕಾದ ಕೋತಿಗಳನ್ನು ಅಮೆರಿಕದ ಕೇಂದ್ರಗಳು ತಾವೇ ಹೆಚ್ಚು ಹೆಚ್ಚು ಸಾಕಬೇಕಾಯಿತು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿನ ಕೋತಿ ಸಂಶೋಧನಾ ಕೇಂದ್ರದ ಆವರಣಗಳಲ್ಲಿ ಭೇದಿ, ರಕ್ತಹೀನತೆ, ಊದಿದ ದುಗ್ಧಗ್ರಂಥಿ, ಬಾಯಿ ಕೊಳೆಯುವ ಹುಣ್ಣುಗಳಿಂದ ಕೋತಿಗಳು ಸಾಯುತ್ತಿದ್ದವು. 1984ರಲ್ಲಿ ಕಾರಣ ಗೊತ್ತಾಯಿತು: ಮೇಸನ್-ಫೈಜರ್ ವೈರಸ್ಸಿನ ಹತ್ತಿರದ ಬಂಧು, ಈಗ ಎಸ್‌ಆರ್‌ವಿ-1 (ಸಿಮಿಯನ್ ರೆಟ್ರೋವೈರಸ್, ಅಂದರೆ ಕೋತಿಗಳ ರೆಟ್ರೋವೈರಸ್) ಎನ್ನುವ ವೈರಸ್. ರೋಗವಿದ್ದ ಆವರಣಕ್ಕೆ ಬಿಟ್ಟ ಆರೋಗ್ಯವಂತ ಮರಿಗಳು ಕಾಯಿಲೆ ಬಿದ್ದವು. ಬೇಲಿಯಾಚೆ ಕೆಲವೇ ಅಡಿ ದೂರದಲ್ಲಿ, ಮೈ ಸೋಕದಂತೆ ಇಟ್ಟವು ಉಳಿದವು. ಗಾಳಿಯಲ್ಲ, ಹಲ್ಲು ಮತ್ತು ಜೊಲ್ಲು ದಾರಿ ಎಂಬುದು ಇದರಿಂದ ಖಚಿತವಾಯಿತು.

ಈ ಸೋಂಕಿನ ಕಷ್ಟದ ಭಾಗ ಸಾವಲ್ಲ, ಬದುಕುಳಿದವು. ಕೆಲವು ಕೋತಿಗಳಲ್ಲಿ ಪ್ರತಿಕಾಯ ಎದ್ದು ವೈರಸ್ ರಕ್ತದಿಂದ ಮರೆಯಾಗುತ್ತದೆ. ಕೆಲವಲ್ಲಿ ಎರಡೂ ಜೊತೆಗಿರುತ್ತವೆ. ಮೂರನೆಯ ಬಗೆ ಅಪಾಯದ್ದು: ವೈರಸ್ ಇದೆ, ಪ್ರತಿಕಾಯವೇ ಇಲ್ಲ, ಮೈ ಗುಂಡಾಗಿದೆ, ಜೊಲ್ಲಿನಲ್ಲಿ ವೈರಸ್ ಸುರಿಯುತ್ತಿದೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಒಂದನ್ನೇ ನಂಬಿದರೆ ಇಂಥ ಕೋತಿ "ಶುದ್ಧ" ಎಂದು ಗುಂಪಿಗೆ ಸೇರಿ ಇಡೀ ಗುಂಪನ್ನು ಕೆಡಿಸುತ್ತದೆ.

ಆದ್ದರಿಂದ ಪರೀಕ್ಷೆ ಜೋಡಿಯಾಗಿಯೇ ಆಗಬೇಕು: ಪ್ರತಿಕಾಯಕ್ಕೆ ಎಲೈಸಾ, ವೈರಸ್ಸಿನ ಜೀನುಗಳನ್ನೇ ಹುಡುಕಲು ಪಿಸಿಆರ್. 4 ಕಿಲೋ ತೂಗುವ ಹೆಣ್ಣು ಕೋತಿಗೆ ಕಿಲೋಗೆ 10 ಮಿ.ಗ್ರಾಂ ಲೆಕ್ಕದಲ್ಲಿ ಪಶುವೈದ್ಯರು ಮಂಪರು ಬರಿಸುವ ಕೆಟಮಿನ್ ಕೊಡುತ್ತಾರೆ. ಮಿಲಿಲೀಟರಿಗೆ 50 ಮಿ.ಗ್ರಾಂ ಇರುವ ಬಾಟಲಿಯಾದರೆ 0.8 ಮಿ.ಲೀ. ತೊಡೆಯ ಸಿರೆಯಿಂದ 3ರಿಂದ 5 ಮಿ.ಲೀ ರಕ್ತ ಸಾಕು. ಅದರಲ್ಲಿ ಒಂದು ಪಾಲು ಸೀರಂ ತೆಗೆಯಲು ಖಾಲಿ ಕೊಳವೆಗೆ, ಇನ್ನೊಂದು ಪಿಸಿಆರ್‌ಗಾಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಗೆ. ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ವಸ್ತು ಹೆಪರಿನ್ ಇರುವ ಕೊಳವೆ ಬಳಸಿದರೆ ಅದೇ ಪಿಸಿಆರ್‌ಗೆ ಅಡ್ಡ ಬಂದು ಸೋಂಕಿದ್ದರೂ ಇಲ್ಲವೆಂದು ತೋರಿಸಬಹುದು. ಎಲೈಸಾದಲ್ಲಿ ಸಂಶಯ ಬಂದರೆ ಪ್ರತಿಕಾಯ ವೈರಸ್ಸಿನ ಯಾವ ಪ್ರೋಟೀನಿಗೆ ಅಂಟುತ್ತದೆಂದು ಗೆರೆಗಳಲ್ಲಿ ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ವೈರಸ್ಸಿನ ಒಳತಿರುಳಿನ ಪ್ರೋಟೀನಿನ ಗೆರೆಯ ಜೊತೆ ಹೊರಕವಚದ್ದೂ ಕಾಣಬೇಕು. ಒಳತಿರುಳಿನದು ಮಾತ್ರ ಕಂಡರೆ ಅನಿಶ್ಚಿತ ಎಂದು ಬರೆದು ಮತ್ತೆ ರಕ್ತ ತೆಗೆಯಬೇಕು. ಪಿಸಿಆರ್‌ನಲ್ಲೂ ಒಂದು ತೊಡಕಿದೆ. ಕೋತಿಗಳ ಸ್ವಂತ ಜೀನೋಮಿನೊಳಗೇ ಸರ್ವ್ ಎಂಬ ಪುರಾತನ ರೆಟ್ರೋವೈರಸ್ ಕುಳಿತಿದೆ, ಎಸ್‌ಆರ್‌ವಿಗೆ ತೀರ ಹತ್ತಿರದ್ದು. ಪಿಸಿಆರ್‌ನಲ್ಲಿ ಗುರಿಯನ್ನು ಹುಡುಕುವ ಚಿಕ್ಕ ಡಿಎನ್‌ಎ ತುಣುಕುಗಳ, ಅಂದರೆ ಪ್ರೈಮರ್‌ಗಳ, ಆಯ್ಕೆ ತಪ್ಪಿದರೆ ಆರೋಗ್ಯವಂತ ಕೋತಿಯೂ ಪಾಸಿಟಿವ್ ಬರುತ್ತದೆ. ಸೋಂಕು ತಗುಲಿ ಪ್ರತಿಕಾಯ ಮೂಡಲು ವಾರಗಳು ಬೇಕು. ಹಾಗಾಗಿ ಹೊಸ ಕೋತಿಯನ್ನು ಒಂಟಿಯಾಗಿಟ್ಟು, ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸದೆ ಗುಂಪಿಗೆ ಬಿಡಬಾರದು.

ಲಸಿಕೆ ಸಾಧ್ಯವಿಲ್ಲವೆಂದಲ್ಲ. ಫಾರ್ಮಲಿನ್‌ನಿಂದ ಕೊಂದ ಎಸ್‌ಆರ್‌ವಿ-1 ಕೊಟ್ಟ ಕೋತಿಗಳು ಆಮೇಲೆ ಜೀವಂತ ವೈರಸ್ ಚುಚ್ಚಿದರೂ ಪಾರಾದವೆಂದು 1986ರಲ್ಲೇ ವರದಿಯಾಯಿತು. ಆದರೆ ಲಸಿಕೆ ಪಡೆದ ಕೋತಿಯಲ್ಲೂ ಪ್ರತಿಕಾಯ ಇರುತ್ತದೆ. ಪರೀಕ್ಷಿಸಿ ಬೇರ್ಪಡಿಸುವ ಕೆಲಸ ಅಲ್ಲಿಗೆ ಗೋಜಲಾಗುತ್ತದೆ. ಬೇರ್ಪಡಿಸುವ ಹಾದಿಯೇ ಮೇಲೆಂದು ನಮ್ಮ ಅಭಿಪ್ರಾಯ.

ಏಡ್ಸ್ ವೈರಸ್ಸಿನ ಬಂಧು ಎಸ್‌ಐವಿಯ ಬಗ್ಗೆ ಜನರಿಗೆ ಭಯ ಹೆಚ್ಚು. ಅದು ಆಫ್ರಿಕಾದ ಕೋತಿಗಳ ಸೋಂಕು, ಏಷ್ಯಾದ ಕಾಡುಕೋತಿಗಳದ್ದಲ್ಲ. ಆಫ್ರಿಕಾದ ಸೂಟಿ ಮ್ಯಾಂಗಬಿ ಎಂಬ ಕೋತಿಯ ರಕ್ತದಲ್ಲಿ ವೈರಸ್ ತುಂಬಿದ್ದರೂ ಅದರ ರೋಗನಿರೋಧಕ ವ್ಯವಸ್ಥೆ ಕೆಲವೇ ವಾರಗಳಲ್ಲಿ ಶಾಂತವಾಗುತ್ತದೆ. ಅದೇ ವೈರಸ್ ರೀಸಸ್ ಕೋತಿಗೆ ದಾಟಿದಾಗ ಆ ಉದ್ರೇಕ ತಣಿಯುವುದೇ ಇಲ್ಲ, ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶಗಳು ಸವೆದು ಪ್ರಾಣಿ ಸಾಯುತ್ತದೆ.

ಎಸ್‌ಆರ್‌ವಿ ಮಾತ್ರ ನಮ್ಮ ನೆಲದ್ದೂ ಹೌದು. ಭಾರತದ ಮುಸುವಗಳಲ್ಲಿ, ಅಂದರೆ ಹನುಮಾನ್ ಲಂಗೂರ್‌ಗಳಲ್ಲಿ, ಅದರ ಪ್ರತ್ಯೇಕ ಬಗೆ ಸಿಕ್ಕಿದ್ದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಇನ್ನು ಫೋಮಿ ವೈರಸ್ ಎಂಬ ಮತ್ತೊಂದು ರೆಟ್ರೋವೈರಸ್ ಸೆರೆಯಲ್ಲಿ ಬೆಳೆದ ಬಹುಪಾಲು ದೊಡ್ಡ ಕೋತಿಗಳಲ್ಲಿ ಜೀವನಪೂರ್ತಿ, ಕಾಯಿಲೆ ತರದೆ ಇರುತ್ತದೆ. ಕಚ್ಚಿಸಿಕೊಂಡ ಮನುಷ್ಯರಿಗೂ ದಾಟಿದ್ದುಂಟು, ಅವರಲ್ಲಿ ರೋಗ ಕಂಡಿಲ್ಲ. ಹಾಗೆಂದು ಕಡಿತವನ್ನು ಕಡೆಗಣಿಸುವಂತಿಲ್ಲ: ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್, ಧನುರ್ವಾಯು, ಮಕಾಕ್‌ಗಳ ಹರ್ಪಿಸ್ ಬಿ ವೈರಸ್ ಮೂರನ್ನೂ ವೈದ್ಯರು ಯೋಚಿಸಬೇಕಾಗುತ್ತದೆ.

ಬೋನಿಡುವವರು ಮೊದಲು ಮಾಡಬಹುದಾದ ಕೆಲಸಕ್ಕೆ ಪ್ರಯೋಗಾಲಯ ಬೇಡ. ಒಂದು ಹಿಂಡಿಗೆ ಒಂದು ಬೋನು, ದೊಡ್ಡ ಗಂಡುಗಳಿಗೆ ಬೇರೆ ಬೋನು, ಬೋನುಗಳ ನಡುವೆ ಕೈ ಚಾಚಿದರೂ ಎಟುಕದಷ್ಟು ಅಂತರ, ಒಂದು ಹಿಂಡನ್ನು ಬಿಟ್ಟು ಬಂದ ಮೇಲೆ ಬೋನನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು ಬಿಸಿಲಿಗೆ ಒಣಗಿಸುವುದು.