ಚೀನಾದ ಕೆರೆ-ಸರೋವರಗಳ ಬೆಸ್ತರ ಹಾಡು: ಯಾರ ದನಿ, ಯಾರ ಮಾತು?

ಚೀನೀ ಜಾನಪದ ಓದುವವರಿಗೆ ಬೆಸ್ತರ ಹಾಡು ಮೊದಲು ಸಿಗುವುದು ಪಂಡಿತರ ಬರಹದಲ್ಲಿ. 7ನೇ ಶತಮಾನದ ಕವಿ ವಾಂಗ್ ಬೊ ಪೊಯಾಂಗ್ ಸರೋವರದ ದಡದವರೆಗೂ ಕೇಳುವ ಸಂಜೆಯ ದೋಣಿ ಹಾಡನ್ನು ವರ್ಣಿಸಿದ. 1046ರಲ್ಲಿ ಅಧಿಕಾರಿಯೂ ಲೇಖಕನೂ ಆದ ಫಾನ್ ಜೊಂಗ್‌ಯೆನ್ ಡೊಂಗ್‌ಟಿಂಗ್ ಸರೋವರದ ಬಗ್ಗೆ ಬರೆಯುತ್ತ, ಬೆಸ್ತರು ಒಬ್ಬರ ಹಾಡಿಗೆ ಒಬ್ಬರು ಉತ್ತರ ಕೊಡುತ್ತಾರೆ, ಆ ಸುಖಕ್ಕೆ ಕೊನೆಯೇ ಇಲ್ಲ ಎಂದ. ಸೊಗಸಾದ ಮಾತು. ಆದರೆ ಅದನ್ನು ಬರೆಯುವಾಗ ಫಾನ್ ಇದ್ದದ್ದು ಸರೋವರದಿಂದ ದೂರದ ಡೆಂಗ್‌ಜೌನಲ್ಲಿ. ಈ ಬರಹಗಳಲ್ಲಿ ಬೆಸ್ತ ಅಂದರೆ ಚಿಂತೆಯಿಲ್ಲದವನು, ಅಧಿಕಾರದ ಜಂಜಾಟ ಬಿಟ್ಟವನು. ಅದು ಅಧಿಕಾರಿಗಳ ಆಸೆ. ಬೆಸ್ತರ ಬದುಕು ಬೇರೆ.

ಹಾಗಾದರೆ ದುಡಿಯುವವರ ಹಾಡು ಎಲ್ಲಿದೆ? ಒಂದು ಒಳ್ಳೆಯ ಸುಳಿವು 12ನೇ ಶತಮಾನದ ಕವಿ ಯಾಂಗ್ ವಾನ್‌ಲಿ ಕೊಡುತ್ತಾನೆ. ಅವನು ರಾತ್ರಿ ದೋಣಿಯಲ್ಲಿ ಡಾನ್‌ಯಾಂಗ್ ಕಡೆ ಹೊರಟಿದ್ದ. ಅದು ಪೂರ್ವ ಚೀನಾದಲ್ಲಿ, ಶಾಂಘೈನ ಪಶ್ಚಿಮಕ್ಕಿರುವ ತಾಯ್‌ಹು ಸರೋವರದ ಉತ್ತರದ ಸೀಮೆ. ದೋಣಿಯವರೂ ದಡದ ಮೇಲಿಂದ ಹಗ್ಗ ಕಟ್ಟಿ ದೋಣಿ ಎಳೆಯುವವರೂ ದಣಿವು ಮರೆಯಲು ರಾತ್ರಿಯಿಡೀ ಹಾಡುತ್ತಿದ್ದರು. ಅವರ ಮಾತುಗಳನ್ನೇ ಆಧರಿಸಿ ಅವನು ಪದ ಕಟ್ಟಿದ:

ಯುಯೆ ಜಿ ವಾನ್ ವಾನ್ / ಜಾವ್ ಜಿ ಜೌ,
ಜಿ ಜಿಯಾ ಹುವಾನ್ ಲ / ಜಿ ಜಿಯಾ ಚೌ.

ಬಾಗಿದ ಚಂದ್ರ ಎಷ್ಟು ಸೀಮೆಗೆ ಬೆಳಕು ಕೊಡುತ್ತಾನೆ? ಎಷ್ಟು ಮನೆಯಲ್ಲಿ ಸಂತೋಷ, ಎಷ್ಟು ಮನೆಯಲ್ಲಿ ದುಃಖ? ಇದು ಹೆಚ್ಚುಕಡಿಮೆ ಅರ್ಥ. ಸಾಲಿಗೆ 7 ಚೀನೀ ಅಕ್ಷರ, ಮೇಲೆ ಬಿಡಿಸಿ ಬರೆದ ಒಂದೊಂದು ಪದವೂ ಒಂದೊಂದು ಅಕ್ಷರ. ನಾಲ್ಕಾದ ಮೇಲೆ ಸಣ್ಣ ತಡೆ, ಆಮೇಲೆ ಮೂರು. ಕೊನೆಯಲ್ಲಿ ಪ್ರಾಸ: ಜೌ, ಚೌ. ಈ 4+3ರ ಅಳತೆಯನ್ನು ಬಾಯಲ್ಲಿ ಹೇಳಿಕೊಂಡು ಕಿವಿಗೆ ಹತ್ತಿಸಿಕೊಳ್ಳಿ. ತಾಯ್‌ಹು ಸುತ್ತಿನ 'ವು ಹಾಡು'ಗಳಲ್ಲಿ, ಅಂದರೆ ಅಲ್ಲಿನ ವು ನುಡಿಯ ಜನಪದ ಹಾಡುಗಳಲ್ಲಿ, ಇದು ಮತ್ತೆ ಮತ್ತೆ ಬರುತ್ತದೆ. ಸಂತೋಷದ ಪಕ್ಕದಲ್ಲೇ ದುಃಖ ಇದೆ, ನೋಡಿ. ಫಾನ್ ಹೇಳಿದ ಕೊನೆಯಿಲ್ಲದ ಸುಖ ಇಲ್ಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ತಾಯ್‌ಹು ಸುಮಾರು 2,400 ಚದರ ಕಿ.ಮೀ. ಹರಡಿದೆ, ಆದರೆ ಸರಾಸರಿ ಆಳ 2 ಮೀಟರ್ ಅಷ್ಟೇ. ಇಲ್ಲಿನ ಬೆಸ್ತರ ಎಷ್ಟೋ ಕುಟುಂಬಗಳು 20ನೇ ಶತಮಾನದ ಮಧ್ಯದವರೆಗೂ ದೋಣಿಯಲ್ಲೇ ಹುಟ್ಟಿ, ದೋಣಿಯಲ್ಲೇ ಬದುಕಿದವು. ದಡದ ಜನ ಇವರನ್ನು 'ಬಲೆದೋಣಿ ದೆವ್ವಗಳು' ಎಂದು ಹೀಯಾಳಿಸುತ್ತಿದ್ದರು. ಇವರಲ್ಲಿ ಕ್ಯಾಥೊಲಿಕ್ ಕುಟುಂಬಗಳೂ ಸಾಕಷ್ಟಿವೆ, ಅವರ ಪ್ರಾರ್ಥನೆಯ ರಾಗ ಬೇರೆಯೇ ಅಧ್ಯಯನದ ವಿಷಯ. ಉಳಿದವರ ದೊಡ್ಡ ಹಾಡುಸಂಪತ್ತು 'ಜಾನ್‌ಶೆನ್‌ಗ', ಅಂದರೆ ದೇವರ ಹೊಗಳಿಕೆಯ ಹಾಡು. ಪೂಜೆಯ ಹೊತ್ತಿಗೆ ದೇವರ ಮುಂದೆ ಅವನದೇ ಕಥೆಯನ್ನು ಹಾಡುತ್ತಾರೆ.

ಆ ದೇವರುಗಳಲ್ಲಿ ಮುಖ್ಯನಾದವನು ಲಿಯು ಮೆಂಗ್‌ಜಿಯಾಂಗ್, ಮಿಡತೆ ಓಡಿಸುವ ದೇವರು. ಸರ್ಕಾರಿ ಕಥೆಯ ಪ್ರಕಾರ ಅವನೊಬ್ಬ ಸೇನಾಪತಿ: ಮಿಡತೆಗಳನ್ನು ಓಡಿಸಿದ, 14ನೇ ಶತಮಾನದಲ್ಲಿ ಮಂಗೋಲರ ಯುವಾನ್ ರಾಜವಂಶ ಬಿದ್ದಾಗ ನೀರಿಗೆ ಹಾರಿ ಸತ್ತ. ಜನರು ಹೇಳುವ ಕಥೆಯಲ್ಲಿ ಅವನು ತಾಯಿಯಿಲ್ಲದ ತಬ್ಬಲಿ. ಮಲತಾಯಿ ಕಾಟ ಕೊಡುತ್ತಾಳೆ, ನೀರಿಗೆ ತಳ್ಳಿಸುತ್ತಾಳೆ. ಹುಡುಗ ಬದುಕಿ ಉಳಿಯುತ್ತಾನೆ, ಮುಂದೆ ಮಿಡತೆಗಳನ್ನು ಗೆಲ್ಲುತ್ತಾನೆ. ರಾಜನಿಷ್ಠೆಯ ಸೇನಾಪತಿ ಆಸ್ಥಾನಕ್ಕೆ ಬೇಕಾದವನು. ದಡದವರ ಕೈಲಿ ಬೈಸಿಕೊಂಡು ನೀರಿನ ಮೇಲೆ ಬದುಕಿದವರಿಗೆ, ನೀರಿಗೆ ಬಿದ್ದೂ ಸಾಯದ ಹುಡುಗ ತಮ್ಮವನು ಅನಿಸುವುದು ಸಹಜ ಅಲ್ವಾ? ಇಡೀ ವಿಷಯದ ಜೀವ ಇಲ್ಲೇ ಇದೆ ಎಂದು ನನಗನಿಸುತ್ತದೆ.

ಇನ್ನೊಂದು ಬಗೆಯ ಹಾಡು ಗೊಂದಲ ಮಾಡುತ್ತದೆ. ಹುಬೇ ಪ್ರಾಂತ್ಯದ ಹೊಂಗ್ ಸರೋವರದ 'ಹೊಂಗ್ಹು ನೀರು, ಅಲೆಯ ಮೇಲೆ ಅಲೆ' ಹಾಡನ್ನು ಎಷ್ಟೋ ಜನ ಹಳೆಯ ಜಾನಪದ ಅಂದುಕೊಂಡಿದ್ದಾರೆ. ಅದು ಕ್ರಾಂತಿಯ ಕಥೆಯ ಒಂದು ಸಂಗೀತ ನಾಟಕದ್ದು. 1961ರ ಸಿನಿಮಾದಿಂದ ದೇಶವೆಲ್ಲ ಹರಡಿತು. ರಾಗದ ಬೇರು ಹುಬೇಯ ಜನಪದದಲ್ಲಿದೆ, ಹಾಡು ಮಾತ್ರ ರಂಗಕ್ಕಾಗಿ ಕಟ್ಟಿದ್ದು. ಹಾಗಂತ ಸುಮ್ನೆ ತಳ್ಳಿಹಾಕಬೇಡಿ. ಬೆಸ್ತರ ಹಾಡು ಅಂದರೆ ಇಂದಿನ ಚೀನೀಯರಿಗೆ ಮೊದಲು ನೆನಪಾಗುವ ಹಾಡುಗಳಲ್ಲಿ ಇದೂ ಒಂದು. ಟಿಪ್ಪಣಿ ಮಾಡುವಾಗ ಮಾತ್ರ ಬೇರೆ ಸಾಲಿನಲ್ಲಿ ಇಡಿ.

ಈಚಿನ ದೊಡ್ಡ ಬದಲಾವಣೆ ಮೀನುಗಾರಿಕೆ ನಿಷೇಧ. 2020ರಲ್ಲಿ ತಾಯ್‌ಹು ಬೆಸ್ತರ ಪರವಾನಗಿ ವಾಪಸ್ ಹೋಯಿತು. 2021ರ ಜನವರಿ 1ರಿಂದ ಯಾಂಗ್‌ಟ್ಸಿ ನದಿಯ ಮುಖ್ಯ ಭಾಗ, ಪೊಯಾಂಗ್, ಡೊಂಗ್‌ಟಿಂಗ್ ಎಲ್ಲ ಕಡೆ 10 ವರ್ಷ ಬಲೆ ಬೀಸುವಂತಿಲ್ಲ. ಮೀನಿನ ಸಂತತಿ ಉಳಿಸಲು ಇದು ಬೇಕಿತ್ತು. ಆದರೆ ಸುಮಾರು 2.3 ಲಕ್ಷ ಬೆಸ್ತರು ಕಸುಬು ಬಿಟ್ಟರು. ಬಲೆ ಎಳೆಯುವಾಗಿನ ಹಾಡಿಗೆ ಬಲೆ ಬೇಕು. ದೇವರ ಹಾಡಿಗೆ ದೇವರೂ ಜಾತ್ರೆಯೂ ಇದ್ದರೆ ಸಾಕು. ಅದಕ್ಕೇ ಮುಂದೆ ಓದುವವರು ತಾಯ್‌ಹು ದಕ್ಷಿಣಕ್ಕಿರುವ ಜಿಯಾಶಿಂಗ್ ನಗರದ ಹತ್ತಿರದ 'ಬಲೆದೋಣಿ ಜಾತ್ರೆ'ಯ ಧ್ವನಿಮುದ್ರಣಗಳಿಂದ ಶುರು ಮಾಡಿ. ಅದು ಲಿಯು ದೇವರ ಜಾತ್ರೆಯೇ. 2011ರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದೆ, ಏಪ್ರಿಲ್ ಆರಂಭದಲ್ಲಿ ಹಿರಿಯರನ್ನು ನೆನೆಯುವ ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ನಡೆಯುತ್ತದೆ.