ಬಾದಾಮಿ ಬಂಡೆ, ಹೋರಿ ಹಗ್ಗ

ಬಾದಾಮಿಯಲ್ಲಿ ಮೊದಲ ಸಲ ಬಂಡೆ ಹತ್ತಿ ಇಳಿದಾಗ ನನಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಹತ್ತಿದ್ದು ಇಪ್ಪತ್ತು ಅಡಿ ಇರಬಹುದು, ಅಷ್ಟೇ. ಮುಂಗೈ ಕೊರಡಿನಂತೆ ಬಿಗಿದಿತ್ತು. ಬೆರಳುಗಳು ಅರ್ಧ ಮಡಚಿಕೊಂಡೇ ನಿಂತಿದ್ದವು. ಕೆಳಗೆ ಹಗ್ಗ ಹಿಡಿದಿದ್ದ ತರಬೇತುದಾರರು ಮುಚ್ಚಳ ತೆಗೆದುಕೊಟ್ಟು, "ನೀವು ಕಲ್ಲು ಹತ್ತಲಿಲ್ರಿ ಸರ, ಕಲ್ಲಿಗೆ ಜೋತು ಬಿದ್ರಿ" ಅಂದರು.

ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ. ಬಲ ಮುಂಗೈಯನ್ನು ಮೊಣಕೈ ಹತ್ತಿರ ಎಡಗೈಯಿಂದ ಹಿಡಿದು, ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ. ಚರ್ಮದ ಕೆಳಗೆ ಏನೋ ಹರಿದಾಡಿದಂತೆ ಆಗುತ್ತದೆ, ಅಲ್ವಾ? ಸ್ನಾಯು ಇರುವುದು ಅಲ್ಲಿ. ಬೆರಳಿಗೆ ಬರುವುದು ಅದರ ತುದಿಯ ಸ್ನಾಯುರಜ್ಜು ಮಾತ್ರ. ಹೆದರಿ ಗಟ್ಟಿಯಾಗಿ ಹಿಡಿದೇ ಇದ್ದರೆ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಚುಕುತ್ತದೆ. ಆಮ್ಲಜನಕ ಬರುವುದು ಕಡಿಮೆಯಾಗಿ ಕೈ ಸೋಲುತ್ತದೆ. ಆಗಾಗ ಒಂದು ಕೈ ಬಿಟ್ಟು, ಕೆಳಗೆ ಇಳಿಬಿಟ್ಟು ಕೊಡವಿದರೆ ರಕ್ತ ಮತ್ತೆ ಹರಿಯುತ್ತದೆ. ತೋಳನ್ನು ಮಡಚದೆ ನೇರ ಚಾಚಿ ಹಿಡಿದರೆ ಒಂದಷ್ಟು ಭಾರ ಎಲುಬಿಗೆ ಹೋಗುತ್ತದೆ.

ಇನ್ನುಳಿದ ಭಾರ ಹೊರಬೇಕಾದ್ದು ಕಾಲು. ದಿನವಿಡೀ ನಮ್ಮನ್ನು ಹೊತ್ತು ತಿರುಗುವ ತೊಡೆ ಇರುವಾಗ ಬಡಪಾಯಿ ಬೆರಳಿಗೆ ಯಾಕೆ ಆ ಕೆಲಸ? ಆದರೆ ಕಾಲು ನಿಲ್ಲಬೇಕಲ್ಲ! ನನ್ನ ಕಾಲು ಜಾರುತ್ತಲೇ ಇತ್ತು. ಅಷ್ಟೇನೂ ಕಡಿದಾಗಿರದ ಇಳಿಜಾರು ಬಂಡೆ ಅದು. ಭಯಕ್ಕೆ ಅದನ್ನು ತಬ್ಬಿಕೊಂಡಿದ್ದೆ. ಗೋಡೆಗೆ ಏಣಿ ಜಾಸ್ತಿ ಓರೆ ಹಚ್ಚಿದರೆ ಬುಡ ಹಿಂದಕ್ಕೆ ಜಾರುತ್ತದೆ. ನನ್ನದೂ ಅದೇ ಗತಿ. ಸೊಂಟ ಬಂಡೆಯಿಂದ ದೂರ ಇಟ್ಟು ನೆಟ್ಟಗೆ ನಿಂತರೆ ಮೈಭಾರ ಪಾದದ ಮೇಲೆ ಬಂದು, ಅಡಿಭಾಗ ಕಲ್ಲನ್ನು ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಜಾಸ್ತಿ. ಕ್ಲೈಂಬಿಂಗ್ ಶೂಗಳ ಮೆತ್ತನೆಯ ರಬ್ಬರ್ ಕಲ್ಲಿನ ಸಣ್ಣ ತಗ್ಗುಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಆದರೆ ನಡುವೆ ನಾಲ್ಕು ಮರಳ ಕಣ ಸಿಕ್ಕರೆ ಅವು ಬೇರಿಂಗ್ ಗುಂಡುಗಳ ಹಾಗೆ ಉರುಳುತ್ತವೆ. ಅದಕ್ಕೇ ಹತ್ತುವ ಮುಂಚೆ ಶೂ ತಳ ಒರೆಸಿಕೊಳ್ಳುವುದು.

ಕೈಗೆ ಬಳಿದುಕೊಳ್ಳುವ ಬಿಳಿ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರುವುದಷ್ಟೇ ಅದರ ಕೆಲಸ. ನಾನು ಎರಡೂ ಕೈಗೆ ಮೆತ್ತಿಕೊಂಡಿದ್ದೆ. ಜೋಳದ ರೊಟ್ಟಿ ಬಡಿಯುವಾಗ ಕೆಳಗೆ ಒಣ ಹಿಟ್ಟು ಉದುರಿಸುವುದು ಯಾಕೆ? ಅಂಟಬಾರದು ಅಂತ! ಪುಡಿ ಜಾಸ್ತಿಯಾದರೆ ಕೈಗೂ ಅದೇ ಆಗುತ್ತದೆ.

ಇನ್ನು ಹಗ್ಗ. ಹಾವೇರಿ ಕಡೆ ನಮ್ಮ ಕಾಕಾನ ಮನೆಯಲ್ಲಿ ಹೋರಿ ಇತ್ತು. ದೀಪಾವಳಿ ಹೊತ್ತಿಗೆ ಹೋರಿ ಹಬ್ಬದಲ್ಲಿ ಓಡುವಂಥದ್ದು. ಅದು ಕೆರಳಿದಾಗ ಕಾಕಾ ಅದರ ಜೊತೆ ಜಗ್ಗಾಡುತ್ತಿರಲಿಲ್ಲ. ಹಗ್ಗವನ್ನು ಬೇವಿನ ಮರಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದ. ಆಗ ನನಗೆ ಹತ್ತು ವರ್ಷ. ಹೋರಿ ಅಲ್ಲಾಡುತ್ತಿರಲಿಲ್ಲ. ಹಗ್ಗಕ್ಕೂ ಮರಕ್ಕೂ ಘರ್ಷಣಾಂಕ (ಎರಡು ಮೇಲ್ಮೈ ಎಷ್ಟು ಉಜ್ಜಿ ಹಿಡಿಯುತ್ತವೆ ಅನ್ನುವ ಅಳತೆ) 0.3 ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟು ಆಗುತ್ತದೆ. ಎರಡನೇ ಸುತ್ತು ಅದನ್ನು ಮತ್ತೆ 6.6ರಿಂದ ಗುಣಿಸುತ್ತದೆ: 43 ಪಟ್ಟು! ಮೂರು ಸುತ್ತಿಗೆ 280 ದಾಟುತ್ತದೆ. ಕೆಳಗೆ ನಿಂತವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬಿಲೇ ಸಾಧನದಲ್ಲೂ, ಅಂದರೆ ಹತ್ತುವವರ ಹಗ್ಗವನ್ನು ತಡೆದು ಹಿಡಿಯುವ ಸಲಕರಣೆಯಲ್ಲೂ, ಇದೇ ಲೆಕ್ಕ. ಹಗ್ಗ ಅದರೊಳಗೆ ಮಡಚಿಕೊಂಡು ಬರುತ್ತದೆ. ಹಾಗಾಗಿ 50 ಕೆ.ಜಿ. ಹುಡುಗಿ 80 ಕೆ.ಜಿ.ಯವನನ್ನು ತಡೆದು ಹಿಡಿಯಬಲ್ಲಳು. ಆದರೆ ತುದಿ ಹಿಡಿದ ಕೈ ಬಿಡುವಂತಿಲ್ಲ. ಸೊನ್ನೆಯನ್ನು 43ರಿಂದ ಗುಣಿಸಿದರೂ ಸೊನ್ನೆಯೇ.

ಹಾಗಂತ ಹೋರಿ ಹಗ್ಗ ತಂದು ಹತ್ತಬೇಡಿ. 3 ಮೀಟರ್ ಬಿದ್ದವನ ವೇಗ ಗಂಟೆಗೆ ಸುಮಾರು 28 ಕಿ.ಮೀ. ಹಿಗ್ಗದ ಹಗ್ಗ ಅವನನ್ನು 10 ಸೆಂ.ಮೀ.ನಲ್ಲಿ ಗಕ್ಕನೆ ನಿಲ್ಲಿಸಿದರೆ ಸೊಂಟದ ಮೇಲೆ ಬೀಳುವ ಸರಾಸರಿ ಬಲ ಮೈಭಾರದ 31 ಪಟ್ಟು. 60 ಕೆ.ಜಿ.ಯವನಿಗೆ ಹತ್ತಿರ ಹತ್ತಿರ ಎರಡು ಟನ್. ಅದೇ ಹಗ್ಗ ಹಿಗ್ಗಿ ಒಂದೂವರೆ ಮೀಟರ್‌ನಲ್ಲಿ ನಿಲ್ಲಿಸಿದರೆ ಬರೀ 3 ಪಟ್ಟು. ಕ್ಲೈಂಬಿಂಗ್‌ನ ನೈಲಾನ್ ಹಗ್ಗ ಹಿಗ್ಗುವುದು ಅದಕ್ಕಾಗಿಯೇ. ಹೊಸಬರಿಗೆ ಹೇಗೂ ಮೇಲಿನಿಂದ ಹಗ್ಗ ಕಟ್ಟಿರುತ್ತಾರೆ, ಅರ್ಧ ಮೀಟರ್ ಬಿದ್ದರೆ ಜಾಸ್ತಿ. ಚಿತ್ರದುರ್ಗದ ಕೋಟೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರ ವಿಡಿಯೋ ನೋಡಿ ಸುಮ್ನೆ ಹೊರಡುವ ಹುಡುಗರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಗದಗಿನವರಾದ ನಮ್ಮದು ಒಂಥರಾ ಅದೃಷ್ಟ. ಪೂರ್ವಕ್ಕೆ ಹೋದರೆ ಹಂಪಿಯ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಹರಳುಗಳು ಚೂಪು, ಒಂದೇ ದಿನಕ್ಕೆ ಬೆರಳ ಚರ್ಮ ಸುಲಿಯುತ್ತದೆ. ಉತ್ತರಕ್ಕೆ ಸುಮಾರು 70 ಕಿ.ಮೀ. ಹೋದರೆ ಬಾದಾಮಿಯ ಮರಳುಗಲ್ಲು. ಅಡ್ಡ ಅಡ್ಡ ಪದರುಗಳು ಇರುವುದರಿಂದ ಹಿಡಿಯಲು ಅಂಚು ಸಿಗುತ್ತವೆ. ಕಲಿಯಲು ನನಗೆ ಇದೇ ಇಷ್ಟ. ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ರೈಲು ನಮ್ಮ ಗದಗ ಹಾದು ಬಾದಾಮಿಗೆ ಹೋಗುತ್ತದೆ. ಗುಹಾಲಯಗಳಂಥ ಸಂರಕ್ಷಿತ ಜಾಗಗಳ ಕಲ್ಲು ಮಾತ್ರ ಹತ್ತುವಂತಿಲ್ಲ. ಕಪ್ಪತಗುಡ್ಡದಲ್ಲೂ ಒಮ್ಮೆ ಕೈ ಹಾಕಿ ನೋಡಿದೆ. ಹಿಡಿದ ಕಲ್ಲಿನ ಪದರು ಕೈಗೇ ಬಂತು!

ಎರಡನೇ ಸಲ ಬಾದಾಮಿಗೆ ಹೋದದ್ದು ಜುಲೈನಲ್ಲಿ. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಬೆಳಿಗ್ಗೆ ಬಿಸಿಲು ಬಂದು ಬಂಡೆ ಒಣಗಿದಂತೆ ಕಾಣುತ್ತಿತ್ತು. ತರಬೇತುದಾರರು ಬುಡದ ಮಣ್ಣನ್ನು ಬೆರಳಿನಿಂದ ಕೆದರಿದರು. ಒಳಗೆ ತೇವ. ಮರಳುಗಲ್ಲು ಅಂದರೆ ಒಂದಕ್ಕೊಂದು ಅಂಟಿಕೊಂಡ ಮರಳ ಕಣಗಳು. ನೀರು ಒಳಗೆ ಹೊಕ್ಕರೆ ಆ ಅಂಟು ಸಡಿಲ. ಮೇಲೆ ಒಣಗಿದ್ದರೂ ಹಿಡಿದ ಅಂಚು ಮುರಿದು ಬರಬಹುದು. ಹಾಗೆ ಮುರಿದ ಅಂಚು ಮುಂದಿನವರಿಗೂ ಇಲ್ಲ. "ಇವತ್ತು ಬ್ಯಾಡ್ರಿ" ಅಂದರು. ಹಗ್ಗ ಚೀಲದಿಂದ ಹೊರಗೇ ತೆಗೆಯಲಿಲ್ಲ. ಅಕ್ಕ-ತಂಗಿ ಜಲಪಾತ ನೋಡಿ, ಗಿರ್ಮಿಟ್ ತಿಂದು, ಸಂಜೆ ಗಾಡಿಗೆ ಗದಗಕ್ಕೆ ವಾಪಸ್ ಬಂದೆ.